ಬೆಟಗೇರಿಯಿಂದ ಬೆಂಗಳೂರಿಗೆ ಹೋಗುವ ಬುತ್ತಿ: ನಿಲ್ಲಿಸಬೇಕೇ?

ಓದುಗರ ಪ್ರಶ್ನೆ

ನಾವು ಗದಗ-ಬೆಟಗೇರಿಯವರು. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಇನ್ನಿಬ್ಬರು ಹುಡುಗರ ಜೊತೆ ಬಾಡಿಗೆ ಮನೆಯಲ್ಲಿದ್ದಾನೆ. ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಒಂದು ಪೆಟ್ಟಿಗೆ ಕಳಿಸುತ್ತೇನೆ: ನಲವತ್ತು-ಐವತ್ತು ಕಡಕ್ ರೊಟ್ಟಿ, ಒಂದೂವರೆ ಕಿಲೋ ಶೇಂಗಾ ಚಟ್ನಿ, ಅಗಸಿ ಮತ್ತು ಗುರೆಳ್ಳಿನ (ಹುಚ್ಚೆಳ್ಳಿನ) ಚಟ್ನಿ, ರಂಜಕದ (ಹಣ್ಣು ಮೆಣಸಿನಕಾಯಿ ಚಟ್ನಿಯ) ಬಾಟಲಿ, ಮಸಾಲೆ ಖಾರ, ಐದು ಕಿಲೋ ಜೋಳದ ಹಿಟ್ಟು. ಈ ಮಳೆಗಾಲದಲ್ಲಿ ಶೇಂಗಾ ಚಟ್ನಿಯ ಮೇಲೆ ಹಸಿರು ಬೂಷ್ಟು ಬಂದಿತ್ತಂತೆ. ಮಗ ಮೇಲಿನದನ್ನು ತೆಗೆದು ಉಳಿದದ್ದನ್ನು ಬಾಣಲೆಯಲ್ಲಿ ಹುರಿದು ತಿಂದಿದ್ದಾನೆ. ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹಿರಿಯ ಮಗಳು, ಆ ಬೂಷ್ಟಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಹೆದರಿಸಿದ್ದಾಳೆ. ಮನೆಯಲ್ಲಿ ಮಾಡಿದ್ದರಲ್ಲಿ ರಾಸಾಯನಿಕ ಇರುವುದಿಲ್ಲ, ಏನೂ ಆಗುವುದಿಲ್ಲ ಎನ್ನುತ್ತಾಳೆ ನಾದಿನಿ. ಹಿಟ್ಟು ಕಹಿಯಾಗಿ ರೊಟ್ಟಿ ಬಡಿದರೆ ಒಡೆಯುತ್ತದೆ, ಬೆಂಗಳೂರಿನ ನೀರೇ ಹಾಗೆ ಎನ್ನುತ್ತಾನೆ ಮಗ. ಇದರ ನಡುವೆ ಅವನಿಗೆ ಹೊಟ್ಟೆ ಉರಿ ಶುರುವಾಗಿ, ವೈದ್ಯರು ಖಾರ ಕಡಿಮೆ ಮಾಡಲು ಹೇಳಿದ್ದಾರೆ. ಹೋಟೆಲಿನ ಊಟ ಅವನಿಗೆ ಸೇರುವುದಿಲ್ಲ. ಕಳಿಸುವುದನ್ನು ನಿಲ್ಲಿಸಲೇ? ನಿಲ್ಲಿಸಿದರೆ ಹುಡುಗ ಏನು ತಿನ್ನುತ್ತಾನೆ?

ಉತ್ತರ

ಅಕ್ಕಾ, ಮೊದಲು ತುರ್ತಿನ ಮಾತು. ಆ ಚಟ್ನಿ ಇನ್ನೂ ಉಳಿದಿದ್ದರೆ ಇವತ್ತೇ ಎಸೆಯುವಂತೆ ಮಗನಿಗೆ ಫೋನ್ ಮಾಡಿ. ಶೇಂಗಾದ ಬೆಲೆ, ಕುಟ್ಟಿದ ಕೈನೋವು ನೆನೆದರೆ ಜೀವ ಚುರ್ ಎನ್ನುತ್ತದೆ. ಆದರೂ ಎಸೆಯಲೇಬೇಕು. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನೀವು ಕೇಳಿದ್ದು ಬೂಷ್ಟು, ಹಿಟ್ಟು, ಖಾರದ ಬಗ್ಗೆ. ಕೇಳದೆ ಬಿಟ್ಟ ಪ್ರಶ್ನೆಯೊಂದು ಸಾಲುಗಳ ನಡುವೆ ಇದೆ: ನನ್ನ ಕೈಯಾರೆ ಮಾಡಿ ಕಳಿಸಿದ್ದೇ ಮಗನಿಗೆ ಕೇಡಾಯಿತೇ? ಧಾರವಾಡದಲ್ಲಿ ಆಹಾರ ಸಂರಕ್ಷಣೆಯ ಪಾಠ ಹೇಳುತ್ತ ಬಂದಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಸಂಜೆಯ ಮೇಲೆ ಬೆಂಗಳೂರಿನ ಬಸ್ಸುಗಳು ಹೊರಡುವಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಏರುತ್ತಿರುತ್ತವೆ. ಅವುಗಳಲ್ಲಿ ಮಳೆಗಾಲದಲ್ಲಿ ಎಷ್ಟು ಕೆಡುತ್ತವೆ ಎಂಬುದು ತಾಯಂದಿರಿಗೆ ತಿಳಿಯುವುದಿಲ್ಲ, ಏಕೆಂದರೆ ಮಕ್ಕಳು ಹೇಳುವುದಿಲ್ಲ. ನಿಮ್ಮ ಮಗ ಹೇಳಿದ್ದಾನೆ, ಅದು ಒಳ್ಳೆಯದಾಯಿತು.

ನೇರವಾಗಿ ಹೇಳುವುದಾದರೆ, ನಿಲ್ಲಿಸಬೇಡಿ. ಆದರೆ ಈಗ ಕಳಿಸುತ್ತಿರುವಂತೆ ಕಳಿಸಬೇಡಿ. ನಿಮ್ಮ ಅಡುಗೆಯಲ್ಲಿ ದೋಷವಿಲ್ಲ. ತೇವ, ಗಾಳಿ, ಮತ್ತು "ತಿಂಗಳಿಗೊಮ್ಮೆ, ಎಲ್ಲವನ್ನೂ ಒಟ್ಟಿಗೆ" ಎಂಬ ಲೆಕ್ಕಾಚಾರ, ಈ ಮೂರು ಸೇರಿ ಪೆಟ್ಟಿಗೆಯನ್ನು ಕೆಡಿಸುತ್ತಿವೆ.

ಬೂಷ್ಟಿನ ವಿಷಯದಲ್ಲಿ ಮಗಳ ಮಾತು ಮುಕ್ಕಾಲು ಪಾಲು ಸರಿ, ನಾದಿನಿಯ ಮಾತು ಪೂರ್ತಿ ತಪ್ಪು. ರಾಸಾಯನಿಕ ಹಾಕದ ಪದಾರ್ಥ ನಮಗೆ ಒಳ್ಳೆಯದು ಎಂಬುದು ನಿಜ. ಬೂಷ್ಟಿಗೂ ಅದು ಅಷ್ಟೇ ಒಳ್ಳೆಯದು. ಶೇಂಗಾ, ಗೋವಿನಜೋಳ, ಒಣ ಮೆಣಸಿನಕಾಯಿ, ಕೊಬ್ಬರಿಯ ಮೇಲೆ ಬೆಳೆಯುವ ಬೂಷ್ಟುಗಳಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬುದೊಂದಿದೆ. ಅದು ಅಫ್ಲಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಈ ವಿಷಕ್ಕೆ ಹೆಸರು ಬಂದದ್ದು ಆ ಮೇಲೆಯೇ. ಅದು ಪಿತ್ತಜನಕಾಂಗಕ್ಕೆ ಹೊಡೆತ ಕೊಡುತ್ತದೆ, ವರ್ಷಗಟ್ಟಲೆ ದೇಹ ಸೇರುತ್ತಿದ್ದರೆ ಅಲ್ಲಿ ಕ್ಯಾನ್ಸರ್ ತರಬಲ್ಲದು. ಹೆಪಟೈಟಿಸ್ ಬಿ ಇರುವವರಲ್ಲಿ ಅಪಾಯ ಇನ್ನೂ ಹೆಚ್ಚು.

ಮಗಳ ಮಾತಿನಲ್ಲಿ ಉಳಿದ ಕಾಲು ಪಾಲು ಏನೆಂದರೆ, ಹಸಿರಾಗಿ ಕಂಡದ್ದೆಲ್ಲ ಅದೇ ಬೂಷ್ಟಲ್ಲ, ಒಂದೆರಡು ಬಾರಿ ತಿಂದ ಮಾತ್ರಕ್ಕೆ ಕ್ಯಾನ್ಸರ್ ಬರುವುದೂ ಇಲ್ಲ. ಅವನನ್ನು ಹೆದರಿಸಬೇಡಿ. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಅಥವಾ ಮೂತ್ರ ಕಡು ಹಳದಿಯಾದರೆ ವೈದ್ಯರ ಬಳಿ ಹೋಗಲಿ. ಹಾಗೇನೂ ಇಲ್ಲದಿದ್ದರೆ ಆದದ್ದನ್ನು ಅಲ್ಲಿಗೇ ಬಿಡಿ. ಆದರೆ ಮೇಲಿನದನ್ನು ಕೆರೆದು ಉಳಿದದ್ದನ್ನು ಹುರಿಯುವ ಉಪಾಯ ಮಾತ್ರ ಇನ್ನು ಬೇಡ. ಕಣ್ಣಿಗೆ ಕಾಣುವ ಹಸಿರು ಬೂಷ್ಟಿನ ಕೊನೆಯ ಹಂತ. ಅದರ ಎಳೆಗಳು ಆ ಹೊತ್ತಿಗೆ ಪುಡಿಯ ಒಳಕ್ಕೆ ಇಳಿದಿರುತ್ತವೆ. ಹುರಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ. ಮನೆಯ ಒಲೆಯ ಕಾವಿಗೆ ಅದು ಬಗ್ಗುವುದಿಲ್ಲ.

ಈಗ ಮೂಲಕ್ಕೆ ಬರೋಣ. ಒಣಗಿದ ಪುಡಿಗೆ ಬೂಷ್ಟು ಹೇಗೆ ಬಂತು? ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಪದಾರ್ಥದಲ್ಲಿ ಅವುಗಳ ಬಳಕೆಗೆ ಸಿಗುವ ನೀರು. ಅದನ್ನು ನಾವು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತೇವೆ. 0.6ಕ್ಕಿಂತ ಕೆಳಗಿದ್ದರೆ ಯಾವ ಬೂಷ್ಟೂ ಬೆಳೆಯುವುದಿಲ್ಲ. ಚೆನ್ನಾಗಿ ಹುರಿದ ಶೇಂಗಾ ಆ ಗೆರೆಯ ಕೆಳಗೇ ಇರುತ್ತದೆ. ಅದನ್ನು ಮೇಲಕ್ಕೆ ಎತ್ತುವುದು ಬೆಳ್ಳುಳ್ಳಿ. ಹಸಿ ಬೆಳ್ಳುಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಒಂದೂವರೆ ಕಿಲೋ ಚಟ್ನಿಗೆ ನಾಲ್ಕೈದು ಗಡ್ಡೆ ಕುಟ್ಟಿ ಹಾಕಿದರೆ ಎಷ್ಟು ನೀರು ಸೇರಿತು, ನೀವೇ ಲೆಕ್ಕ ಹಾಕಿ. ಬೆಲ್ಲ ಮತ್ತು ಹುಣಸೆಹಣ್ಣು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಗರಿಗರಿಯಾಗದ ಕರಿಬೇವಿನದೂ ಇದೇ ಕಥೆ. ಇದೇ ಚಟ್ನಿ ನಿಮ್ಮ ಮನೆಯಲ್ಲಿ ಹದಿನೈದು ದಿನದಲ್ಲಿ ಮುಗಿಯುತ್ತದೆ, ಆದ್ದರಿಂದ ಕೆಡುವುದು ಕಾಣುವುದೇ ಇಲ್ಲ. ಅಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ತಿನ್ನುತ್ತಾನೆ, ಅದೂ ಕೆಲವೊಮ್ಮೆ ಒದ್ದೆ ಚಮಚದಲ್ಲಿ. ಡಬ್ಬಿಯ ಮುಚ್ಚಳ ತೆಗೆದಾಗೆಲ್ಲ ಬೆಂಗಳೂರಿನ ಮಳೆಗಾಲದ ಗಾಳಿ ಒಳಗೆ ಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ, ಕರಿಬೇವಿನ ಜೊತೆ ಸಣ್ಣ ಉರಿಯಲ್ಲಿ ಕೆಂಪಗೆ, ಹಿಡಿದರೆ ಪುಡಿಯಾಗುವಷ್ಟು ಹುರಿಯಿರಿ. ಎಲ್ಲವೂ ಪೂರ್ತಿ ಆರಿದ ಮೇಲೆ ಕುಟ್ಟಿ. ಬಿಸಿ ಇರುವಾಗ ಮುಚ್ಚಳ ಹಾಕಿದರೆ ಒಳಗೆ ಬೆವರಿಳಿಯುತ್ತದೆ, ಆ ಒಂದೆರಡು ಹನಿಯೇ ಸಾಕು. ಹಸಿ ಬೆಳ್ಳುಳ್ಳಿಯ ಘಾಟು ಬೇಕೇ ಬೇಕು ಎನ್ನುವುದಾದರೆ ಬೆಳ್ಳುಳ್ಳಿ ಇಲ್ಲದ ಚಟ್ನಿ ಕಳಿಸಿ, ತಿನ್ನುವಾಗ ಅವನೇ ಎರಡು ಎಸಳು ಜಜ್ಜಿ ಕಲಸಿಕೊಳ್ಳಲಿ. ರುಚಿಯ ದೃಷ್ಟಿಯಿಂದ ನನಗೆ ಈ ಎರಡನೆಯದೇ ಮೇಲು.

ಬೂಷ್ಟಿನ ಇನ್ನೊಂದು ಬಾಗಿಲು ಶೇಂಗಾದಲ್ಲೇ ಇದೆ, ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಫ್ಲಟಾಕ್ಸಿನ್ ಗೋಣಿಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಬಹುಪಾಲು ತುಂಬಿಕೊಂಡಿರುತ್ತದೆ. ಹಾಗಾಗಿ ಕೈಯಿಂದ ಹಸನು ಮಾಡುವ ನಮ್ಮ ಮನೆಗಳ ರೂಢಿ ಯಾವ ಯಂತ್ರಕ್ಕೂ ಕಡಿಮೆಯದಲ್ಲ. ಮೊರದಲ್ಲಿ ಒಂದೊಂದೇ ಹಿಡಿ ಹರಡಿಕೊಂಡು, ಬೆಳಕಿನಲ್ಲಿ ಕುಳಿತು ನೋಡಿ. ಸುಕ್ಕುಗಟ್ಟಿದ್ದು, ಹುಳ ಕೊರೆದದ್ದು, ಸಿಪ್ಪೆ ಕಪ್ಪಾದದ್ದು ಹೊರಗೆ. ಹುರಿದು ಸಿಪ್ಪೆ ತಿಕ್ಕಿದ ಮೇಲೆ ಇನ್ನೊಮ್ಮೆ ನೋಡಿ. ಒಳ್ಳೆಯ ಕಾಳು ಕೆನೆ ಬಣ್ಣಕ್ಕೆ ತಿರುಗಿರುತ್ತದೆ, ಕೆಟ್ಟದ್ದು ಹಳದಿ-ಕಂದು ಕಲೆ ಉಳಿಸಿಕೊಂಡಿರುತ್ತದೆ. ಕೆಲವನ್ನು ಎರಡು ಹೋಳಾಗಿ ಬಿಡಿಸಿ ನೋಡಿ, ನಡುವಿನ ಸಂದಿಯಲ್ಲಿ ಬೂದಿ ಅಥವಾ ಹಸಿರು ಪುಡಿ ಕಂಡರೆ ಆ ಚೀಲವನ್ನೇ ಸಂಶಯದಿಂದ ನೋಡಬೇಕು. ತಿಂದು ನೋಡುವಾಗ ಕಹಿ ಎನಿಸಿದ್ದನ್ನು ನುಂಗದೆ ಉಗಿಯಿರಿ. ಮಳೆಗಾಲದಲ್ಲಿ ಅಂಗಡಿಯಲ್ಲಿ ಸಿಗುವ ಬಿಡಿಸಿದ ಬೀಜ ಬಹಳ ದಿನ ಗೋಣಿಯಲ್ಲಿ ಕುಳಿತ ಮಾಲಾಗಿರಬಹುದು. ಅಗ್ಗದ ಒಡಕಲು ಬೀಜವನ್ನಂತೂ ತರಲೇಬೇಡಿ. ಸಿಪ್ಪೆ ಸಮೇತ ಒಣಕಾಯಿ ತಂದು ಮನೆಯಲ್ಲೇ ಸುಲಿಯುವುದು ಎಲ್ಲಕ್ಕಿಂತ ಒಳ್ಳೆಯದು.

ಬೂಷ್ಟು ಕಣ್ಣಿಗಾದರೂ ಕಾಣುತ್ತದೆ. ಕಮಟು ಕಾಣುವುದಿಲ್ಲ. ಶೇಂಗಾದಲ್ಲಿ ನೂರು ಗ್ರಾಂಗೆ ನಲವತ್ತು ಗ್ರಾಂ ಅಥವಾ ಅದಕ್ಕೂ ಹೆಚ್ಚು ಎಣ್ಣೆ ಇರುತ್ತದೆ. ಇಡಿಯಾಗಿರುವ ತನಕ ಆ ಎಣ್ಣೆಗೆ ಗಾಳಿ ತಾಗುವುದು ಕಡಿಮೆ. ಪುಡಿ ಮಾಡಿದ ಕ್ಷಣದಿಂದ ಗಾಳಿಯ ಆಮ್ಲಜನಕ ಎಣ್ಣೆಯ ಮೇಲೆ ಕೆಲಸ ಶುರುಮಾಡುತ್ತದೆ. ಅಗಸಿ ಈ ವಿಷಯದಲ್ಲಿ ಬಹಳ ನಾಜೂಕು. ಅದರ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3 ಕೊಬ್ಬು. ಆ ಕೊಬ್ಬು ದೇಹಕ್ಕೆ ಒಳ್ಳೆಯದೆಂದು ಈಚೆಗೆ ಎಲ್ಲರೂ ಅಗಸಿಯನ್ನು ಹೊಗಳುತ್ತಿದ್ದಾರೆ, ಆದರೆ ಬೇಗ ಕೆಡುವುದೂ ಅದೇ ಕೊಬ್ಬು. ಪುಡಿ ಮಾಡಿ ತಿಂಗಳು ಇಟ್ಟ ಅಗಸಿ ಚಟ್ನಿಯನ್ನು ಮೂಸಿ ನೋಡಿ, ಹಳೆಯ ಬಣ್ಣದ ಡಬ್ಬಿಯ ವಾಸನೆ ಬರುತ್ತದೆ. ಅಗಸಿ ಎಣ್ಣೆಯನ್ನು ಬಣ್ಣ ಮತ್ತು ವಾರ್ನಿಷ್‌ಗೆ ಬಳಸುತ್ತಿದ್ದದ್ದು ಗಾಳಿ ತಾಗಿದರೆ ಗಟ್ಟಿಯಾಗುವ ಇದೇ ಗುಣಕ್ಕೆ. ಗುರೆಳ್ಳು ಅಷ್ಟಿಲ್ಲದಿದ್ದರೂ ಅದೇ ಜಾತಿ.

ಆದ್ದರಿಂದ ಅಗಸಿ, ಗುರೆಳ್ಳುಗಳನ್ನು ಹುರಿದು ಇಡಿಯಾಗಿಯೇ ಕಳಿಸಿ. ಉಪ್ಪು, ಖಾರ, ಜೀರಿಗೆ ಬೆರೆಸಿದ ಪುಡಿ ಬೇರೆ ಪೊಟ್ಟಣದಲ್ಲಿರಲಿ. ಬಾಡಿಗೆ ಮನೆಯಲ್ಲಿ ಮಿಕ್ಸರ್ ಇದ್ದೇ ಇರುತ್ತದೆ. ವಾರಕ್ಕೆ ಬೇಕಾದಷ್ಟನ್ನು ಅವನೇ ಪುಡಿ ಮಾಡಿಕೊಳ್ಳಲಿ. ಮಿಕ್ಸರ್ ಹಾಕಿದರೆ ರುಚಿ ಹೋಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬಿಡದೆ ತಿರುಗಿಸಿದರೆ ಪುಡಿ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಕುಟ್ಟಿದ್ದಕ್ಕೆ ಹತ್ತಿರ ಬರುತ್ತದೆ.

ಹಿಟ್ಟಿಗೆ ಬರೋಣ. ಬೆಂಗಳೂರಿನ ನೀರನ್ನು ಈ ಆರೋಪದಿಂದ ಬಿಡುಗಡೆ ಮಾಡಿ. ಅಲ್ಲಿ ಎತ್ತರ ಹೆಚ್ಚು, ನೀರು ಗದಗಕ್ಕಿಂತ ಒಂದು ಡಿಗ್ರಿಯಷ್ಟು ಮೊದಲೇ ಕುದಿಯುತ್ತದೆ. ಅಷ್ಟರಿಂದ ರೊಟ್ಟಿ ಒಡೆಯುವುದಿಲ್ಲ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಜೋಳದ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ, ರೊಟ್ಟಿಯನ್ನು ಹಿಡಿದಿಡುವುದು ಆ ಜಿಗುಟೇ. ಬೀಸಿ ಬಹಳ ದಿನವಾದ ಹಿಟ್ಟು ಆ ಜಿಗುಟನ್ನು ಕಳೆದುಕೊಳ್ಳುತ್ತದೆ. ಬೀಸುವಾಗ ಕಾಳಿನ ಮೊಳಕೆಯ ಭಾಗ ಒಡೆದು ಅದರ ಎಣ್ಣೆ ಹಿಟ್ಟಿಗೆಲ್ಲ ಹರಡುತ್ತದೆ, ಜೊತೆಗಿರುವ ಕಿಣ್ವ ಆ ಎಣ್ಣೆಯನ್ನು ಒಡೆಯುತ್ತದೆ. ನಿಮ್ಮ ಮಗನಿಗೆ ಸಿಕ್ಕ ಕಹಿ ಅಲ್ಲಿಯದು. ಸಜ್ಜೆಯ ಹಿಟ್ಟಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಬೇಸಿಗೆಯಲ್ಲಿ ವಾರದೊಳಗೇ ಕಹಿ ತಟ್ಟಬಹುದು.

ಜೋಳದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಎರೆ ಹೊಲಗಳ ಹಿಂಗಾರಿ ಜೋಳ, ಅದರಲ್ಲೂ ಸೊಲ್ಲಾಪುರ ಸೀಮೆಯಿಂದ ಬಂದ ಮಾಲದಂಡಿ, ಅಂದರೆ ಎಂ 35-1 ಎಂಬ ತಳಿ, ರೊಟ್ಟಿಗೆ ಹೇಳಿ ಮಾಡಿಸಿದ್ದು. ಮುಂಗಾರಿನ ಹೈಬ್ರಿಡ್ ಜೋಳ ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕು ಕಪ್ಪಾಗುವುದುಂಟು. ಬೆಂಗಳೂರಿನ ಅಂಗಡಿಯ ಪೊಟ್ಟಣದಲ್ಲಿ ಯಾವ ಜೋಳ, ಯಾವಾಗ ಬೀಸಿದ್ದು ಎಂದು ಹೇಳುವವರಿಲ್ಲ. ಹಾಗೆಂದು ನೀವು ಐದು ಕಿಲೋ ಹಿಟ್ಟು ಕಳಿಸಿದರೂ ಮೂರನೆಯ ವಾರಕ್ಕೆ ಅದೂ ಅದೇ ಸ್ಥಿತಿಗೆ ಬರುತ್ತದೆ. ಒಂದೋ ಜೋಳವನ್ನೇ ಕಳಿಸಿ, ಅಲ್ಲಿಯ ಗಿರಣಿಯಲ್ಲಿ ಎರಡೆರಡು ಕಿಲೋ ಬೀಸಿಸಿಕೊಳ್ಳಲಿ. ಗೋಧಿ ಬೀಸಿದ ಕಲ್ಲಿಗೆ ಜೋಳ ಹಾಕಲು ಕೆಲವು ಗಿರಣಿಯವರು ಒಪ್ಪುವುದಿಲ್ಲ, ಮೊದಲೇ ವಿಚಾರಿಸಲಿ. ಇಲ್ಲವೇ ಹಿಟ್ಟಿನ ಗೊಡವೆಯನ್ನೇ ಬಿಟ್ಟು ರೊಟ್ಟಿ ಮಾತ್ರ ಕಳಿಸಿ. ದಿನವಿಡೀ ದುಡಿದು ಬರುವ ಹುಡುಗ ರಾತ್ರಿ ಒಂಬತ್ತಕ್ಕೆ ಎಸರಿಟ್ಟು ರೊಟ್ಟಿ ಬಡಿಯುತ್ತಾನೆ ಎಂದು ನನಗಂತೂ ನಂಬಿಕೆಯಿಲ್ಲ.

ಕಡಕ್ ರೊಟ್ಟಿ ನಿಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಪದಾರ್ಥ. ಸುಟ್ಟಾಗ ಕಿಣ್ವ ಸಾಯುತ್ತದೆ, ಒಣಗಿಸಿದಾಗ ನೀರು ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಹಿಟ್ಟಿಗಿಂತ ಎಷ್ಟೋ ಪಾಲು ಹೆಚ್ಚು ದಿನ ಬಾಳುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾದರೆ ಗಾಬರಿ ಬೇಡ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ಕಡಕ್ ಮಾಡಿಕೊಳ್ಳಬಹುದು. ಚುಕ್ಕೆ ಕಂಡರೆ ಮಾತ್ರ ಆ ರೊಟ್ಟಿಯನ್ನೂ ಅದರ ಮೇಲೆ ಕೆಳಗೆ ಇದ್ದವನ್ನೂ ಎಸೆಯಬೇಕು. ಒಂದು ವಿನಂತಿ: ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ. ಮುದ್ರಣದ ಶಾಯಿಯಲ್ಲಿ ಸೀಸದಂಥ ವಸ್ತುಗಳಿರಬಹುದು. ತಿನ್ನುವ ಪದಾರ್ಥವನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದೆ. ತೊಳೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ, ಇಷ್ಟು ಸಾಕು.

ರಂಜಕವನ್ನು ಉಳಿಸುವುದು ಉಪ್ಪು ಮತ್ತು ಹುಳಿ. ಹಣ್ಣು ಮೆಣಸಿನಕಾಯಿಯ ಜೊತೆ ನಿಂಬೆರಸ ಧಾರಾಳವಾಗಿ ಬಿದ್ದಿದ್ದರೆ ಅದು ತಿಂಗಳುಗಟ್ಟಲೆ ಬಾಳುತ್ತದೆ. ಮೇಲೆ ತೆಳುವಾದ ಬಿಳಿ ಕೆನೆಯಂತೆ ಕಟ್ಟಿದ್ದು ಸಾಮಾನ್ಯವಾಗಿ ಒಂದು ಬಗೆಯ ಯೀಸ್ಟ್. ಅದು ವಿಷವಲ್ಲ, ಆದರೆ ಹುಳಿಯನ್ನು ತಿಂದು ಮುಂದೆ ಬರುವ ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ. ಕೂದಲಿನಂತೆ ಎದ್ದು ನಿಂತ ಹಸಿರು, ಕಪ್ಪು ಕಂಡರೆ ಬಾಟಲಿ ಸಮೇತ ಹೊರಗೆ. ತಗಡಿನ ಮುಚ್ಚಳವನ್ನು ಉಪ್ಪು-ಹುಳಿ ತಿನ್ನುತ್ತವೆ, ಆದ್ದರಿಂದ ಗಾಜಿನ ಬಾಟಲಿಗೆ ಪ್ಲಾಸ್ಟಿಕ್ ಮುಚ್ಚಳವಿರಲಿ. ಮತ್ತೊಂದು ಎಚ್ಚರಿಕೆಯನ್ನು ನೀವು ಕೇಳದಿದ್ದರೂ ಹೇಳಬೇಕು. ಹಸಿ ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಡೆ ಇಡುವ ಪದ್ಧತಿ ಈಗ ಮೊಬೈಲ್ ವಿಡಿಯೊಗಳಲ್ಲಿ ಬರುತ್ತಿದೆ. ಅದನ್ನು ಮಾಡಲೇಬೇಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಬಾಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ ಅದು ತಕ್ಕ ಜಾಗ. ಅದರ ವಿಷ ನರಗಳನ್ನು ಹಿಡಿಯುತ್ತದೆ, ಕಣ್ಣಿಗೂ ಮೂಗಿಗೂ ಗೊತ್ತಾಗುವುದಿಲ್ಲ.

ಹೊಟ್ಟೆ ಉರಿಯ ವಿಷಯ. ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹುಣ್ಣಿನ ಮುಖ್ಯ ಕಾರಣಗಳು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಬೇಕಾಬಿಟ್ಟಿ ನುಂಗುವ ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆದರೆ ಈಗಾಗಲೇ ಉರಿ ಇರುವವರಿಗೆ ಖಾರ ಅದನ್ನು ಕೆರಳಿಸುತ್ತದೆ, ವೈದ್ಯರು ಹೇಳಿದ್ದು ಅದಕ್ಕಾಗಿ. ಅವರ ಮಾತನ್ನು ಪಾಲಿಸಲಿ. ತಡರಾತ್ರಿಯ ಊಟ, ಉಂಡ ಕೂಡಲೇ ಮಲಗುವುದು, ಖಾಲಿ ಹೊಟ್ಟೆಯ ಚಹಾ, ಇವನ್ನೂ ವಿಚಾರಿಸಿ. ತೂಕ ಇಳಿಯುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಒಂದು ದಿನವೂ ಕಾಯಬಾರದು.

ನಿಮ್ಮ ಮಸಾಲೆ ಖಾರಕ್ಕೆ ಬ್ಯಾಡಗಿ ಬಳಸುತ್ತೀರಿ ಎಂದುಕೊಳ್ಳುತ್ತೇನೆ. ಬ್ಯಾಡಗಿಯ ಹೆಚ್ಚುಗಾರಿಕೆ ಅದರ ಬಣ್ಣ, ಉರಿಯಲ್ಲ. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಈ ಕಾಯಿಯ ಕೆಂಪು ನೋಡಿ ಹೆದರುವವರು ಒಮ್ಮೆ ತಿಂದು ನೋಡಬೇಕು. ಅರ್ಧ ಬ್ಯಾಡಗಿ, ಅರ್ಧ ಗುಂಟೂರು ಹಾಕುವ ಮನೆಗಳಿವೆ. ನಿಮ್ಮದೂ ಹಾಗಿದ್ದರೆ ಮಗನ ಪಾಲಿಗೆ ಗುಂಟೂರು ಬಿಡಿ, ಅವನಿಗೆ ಬಣ್ಣವೂ ಪರಿಮಳವೂ ಸಿಗುತ್ತವೆ, ಉರಿ ಇಳಿಯುತ್ತದೆ. ಕಾಯಿ ಕೊಳ್ಳುವಾಗ ಒಂದನ್ನು ಮಡಚಿ ನೋಡಿ. ಚಟ್ಟನೆ ಮುರಿದು ಬೀಜ ಗಲಗಲ ಎಂದರೆ ಒಣಗಿದೆ. ಬಳುಕಿದರೆ ತೇವವಿದೆ, ಅದಕ್ಕೂ ಶೇಂಗಾದ ಗತಿಯೇ.

ಇನ್ನು, ನಿಲ್ಲಿಸಿದರೆ ಹುಡುಗ ಏನು ತಿನ್ನುತ್ತಾನೆ ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳಿಗೆ ಈಗ ಬರವಿಲ್ಲ. ರೊಟ್ಟಿ ಮಾಡಿ ಮಾರುವ ಹೆಂಗಸರೂ ಇದ್ದಾರೆ, ಅವರಲ್ಲಿ ನಮ್ಮ ಕಡೆಯಿಂದ ಹೋದವರೇ ಬಹಳ. ಖಾನಾವಳಿಯ ಊಟದಲ್ಲಿ ಎಣ್ಣೆ, ಸೋಡಾ, ಖಾರ ಮನೆಗಿಂತ ಹೆಚ್ಚು. ವಾರಕ್ಕೆರಡು ಬಾರಿ ಸರಿ, ದಿನವೂ ಆದರೆ ಈಗಿನ ಹೊಟ್ಟೆ ಉರಿಗೆ ಕೂಡಿಬರುವುದಿಲ್ಲ. ಹಸಿ ರೊಟ್ಟಿಯನ್ನು ಅಲ್ಲಿಯೇ ಕೊಂಡು, ಪಲ್ಯ ಮನೆಯಲ್ಲಿ ಮಾಡಿಕೊಂಡು, ಚಟ್ನಿ ನಿಮ್ಮದು ಹಚ್ಚಿಕೊಂಡರೆ ಒಳ್ಳೆಯ ಊಟವಾಯಿತು. ಒಂದು ಹಿಡಿ ಮೆಂತ್ಯ ಸೊಪ್ಪು, ಒಂದು ಈರುಳ್ಳಿ, ಒಂದು ಬಟ್ಟಲು ಮೊಸರು, ನೆನೆಸಿ ಮೊಳಕೆ ಕಟ್ಟಿದ ಮಡಕೆಕಾಳು. ಇವನ್ನು ನೀವು ಕಳಿಸಲಾರಿರಿ, ಅವನೇ ತಂದುಕೊಳ್ಳಬೇಕು. ಕಡಕ್ ರೊಟ್ಟಿ, ಒಣ ಚಟ್ನಿಗಳನ್ನೇ ಮೂರು ಹೊತ್ತು ತಿಂದರೆ ತರಕಾರಿ ಎಲ್ಲಿಂದ ಬರಬೇಕು? ನಿಮ್ಮ ಪೆಟ್ಟಿಗೆಯ ನಿಜವಾದ ಕೊರತೆ ಇದು, ಬೂಷ್ಟಿನ ಗಲಾಟೆಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ.

ಅವನು ನಿಮ್ಮ ಶೇಂಗಾ ಚಟ್ನಿಯನ್ನು ಇಡ್ಲಿಗೆ ಹಚ್ಚಿಕೊಂಡ, ಬ್ರೆಡ್ಡಿನ ನಡುವೆ ಇಟ್ಟ, ಕೇರಳದ ಗೆಳೆಯ ಅದನ್ನು ಕುಚ್ಚಲಕ್ಕಿ ಅನ್ನಕ್ಕೆ ಕಲಸಿದ ಎಂದು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಊರು ಬಿಟ್ಟವರ ಅಡುಗೆ ಎಲ್ಲ ಕಾಲಕ್ಕೂ ಹೀಗೆಯೇ ನಡೆದಿದೆ. ಧಾರವಾಡದ ಪೇಢೆಯೇ ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದ ಕೈಗುಣ. ಇಲ್ಲಿಯ ಎಮ್ಮೆಯ ಹಾಲು ಸೇರಿ, ಕಂದು ಬಣ್ಣಕ್ಕೆ ತಿರುಗುವ ತನಕ ಖೋವಾ ಕಾಸಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಮೇಲೆ ಅದು ನಮ್ಮದಾಯಿತು. ಅದು ಕೆಡದೆ ಇರುವುದೂ ನೀರು ಇಂಗಿಸಿದ್ದರಿಂದಲೇ ಎಂಬುದನ್ನು ಗಮನಿಸಿ. ನಿಮ್ಮ ಬೆಟಗೇರಿಯ ಸಾವಜಿ ಖಾನಾವಳಿಗಳೂ ನೇಕಾರಿಕೆ ಹಿಡಿದು ಉತ್ತರದಿಂದ ಇಳಿದುಬಂದ ಜನರ ಒಲೆಗಳು. ಅವರ ಅಡುಗೆಯಲ್ಲಿ ಬ್ಯಾಡಗಿಯ ಕೆಂಪು, ಪಕ್ಕದಲ್ಲಿ ಜೋಳದ ರೊಟ್ಟಿ ಸೇರಿದ್ದು ಇಲ್ಲಿಗೆ ಬಂದ ಮೇಲಿನ ಮಾತು. ನಮ್ಮ ಕಡೆ ಪ್ರಯಾಣಕ್ಕೆ ಶೇಂಗಾ ಹೋಳಿಗೆ ಕಟ್ಟುತ್ತಾರೆ, ಹೂರಣದ ಹೋಳಿಗೆ ಕಟ್ಟುವುದಿಲ್ಲ. ಬೆಂದ ಕಡಲೆಬೇಳೆ ಎರಡೇ ದಿನಕ್ಕೆ ಹಳಸುತ್ತದೆಂದು ನಮ್ಮ ಅಜ್ಜಿಯರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಮುಂದಿನ ಪೆಟ್ಟಿಗೆ ಹೀಗಿರಲಿ. ತಿಂಗಳಿಗೊಂದರ ಬದಲು ಹದಿನೈದು ದಿನಕ್ಕೊಂದು, ಗಾತ್ರ ಅರ್ಧ. ಬಸ್ಸಿನ ಬಾಡಿಗೆ ಎರಡು ಪಟ್ಟಾಗುತ್ತದೆ, ಎಸೆಯುವ ಚಟ್ನಿಯ ಬೆಲೆಗೆ ಹೋಲಿಸಿದರೆ ಉಳಿತಾಯವೇ. ಅದು ಆಗದಿದ್ದರೆ ಮಳೆಗಾಲದ ನಾಲ್ಕು ತಿಂಗಳಾದರೂ ಹೀಗೆ ಮಾಡಿ. ಶೇಂಗಾ ಚಟ್ನಿ ನಾನೂರು ಗ್ರಾಂ ಮೀರದಿರಲಿ, ಅದನ್ನೂ ನೂರು ನೂರು ಗ್ರಾಂನ ಪೊಟ್ಟಣಗಳಲ್ಲಿ ಗಾಳಿ ಒತ್ತಿ ತೆಗೆದು ಕಟ್ಟಿ. ಒಂದು ಪೊಟ್ಟಣ ಬಿಚ್ಚಿದಾಗ ಉಳಿದವು ಫ್ರಿಜ್ಜಿನಲ್ಲಿರಲಿ. ಫ್ರಿಜ್ಜಿನಿಂದ ತೆಗೆದ ಪೊಟ್ಟಣವನ್ನು ಕೂಡಲೇ ಬಿಚ್ಚಬಾರದು, ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಬಿಚ್ಚಲಿ. ಜೋಳದ ಹಿಟ್ಟು ಬೇಡ. ಬಸ್ಸಿನವರಿಗೆ ಕೊಡುವಾಗ ಪೆಟ್ಟಿಗೆಯನ್ನು ಎಂಜಿನ್ನಿನ ಹತ್ತಿರ ಇಡಬೇಡಿ ಎಂದು ಹೇಳಿ, ರಾತ್ರಿಯಿಡೀ ಅಲ್ಲಿಯ ಬಿಸಿಗೆ ಎಣ್ಣೆ ಕಾಳುಗಳು ಬೇಗ ಕಮಟುತ್ತವೆ.

ಪ್ರತಿ ಪೊಟ್ಟಣದ ಮೇಲೆ ಮಾಡಿದ ತಾರೀಖು ಬರೆಯಿರಿ. ಶೇಂಗಾ ಚಟ್ನಿಗೆ ಹೊರಗಿಟ್ಟರೆ ಮೂರು ವಾರ, ಫ್ರಿಜ್ಜಿನಲ್ಲಿ ಎರಡು ತಿಂಗಳು, ಪುಡಿ ಮಾಡಿದ ಅಗಸಿಗೆ ಹೊರಗೆ ಒಂದು ವಾರ ಎಂಬ ಲೆಕ್ಕ ಹಿಡಿಯಲಿ. ದಾಟಿದ್ದನ್ನು, ವಾಸನೆ ಬದಲಾದದ್ದನ್ನು ನಿಮಗೆ ಕೇಳದೆ ಎಸೆಯುವ ಸ್ವಾತಂತ್ರ್ಯವನ್ನು ಈಗಲೇ ಕೊಟ್ಟುಬಿಡಿ. ಅಮ್ಮ ನೊಂದುಕೊಳ್ಳುತ್ತಾಳೆ ಎಂದು ಕೆಟ್ಟದ್ದನ್ನು ಹುರಿದು ತಿನ್ನುವ ಮಕ್ಕಳು ಬಹಳ ಇದ್ದಾರೆ.